ಅಬೆನಾಕಿ ಬುಟ್ಟಿ ಉಳಿಯಬೇಕಾದರೆ ಮೊದಲು ಮರ ಉಳಿಯಬೇಕು

ಅಮೆರಿಕದ ಈಶಾನ್ಯ ಭಾಗ ಮತ್ತು ಕೆನಡಾದ ಮೂಲನಿವಾಸಿಗಳಾದ ಅಬೆನಾಕಿ ಜನರ ಹಳೆಯ ಬುಟ್ಟಿಗಳನ್ನು ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಮಾತ್ರಕ್ಕೆ ಸಂಸ್ಕೃತಿ ಉಳಿಯಿತು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಆ ಬುಟ್ಟಿ ಹೆಣೆಯುವುದು ಕಪ್ಪು ಆ್ಯಶ್ ಅನ್ನುವ ಮರದ ಪಟ್ಟಿಗಳಿಂದ. ಆ ಮರ ಹೋದರೆ ಆ ಕಸುಬೂ ಹೋಗುತ್ತದೆ. ಪುರಾಣದ ವೀರ ಗ್ಲುಸ್ಕಾಬೆ ಆ್ಯಶ್ ಮರಕ್ಕೆ ಬಾಣ ಬಿಟ್ಟಾಗ ತೊಗಟೆಯೊಳಗಿಂದ ಮನುಷ್ಯರು ಹೊರಬಂದರು ಅನ್ನುವುದು ವಾಬನಾಕಿ ಜನಾಂಗಗಳ ಹುಟ್ಟಿನ ಕಥೆ. ಅಬೆನಾಕಿಗಳೂ ಅದೇ ಬಳಗದವರು. ಅವರಿಗೆ ಇದು ಬರೀ ಮರವಲ್ಲ.

ಹೊಟ್ಟೆಪಾಡೂ ಇದರಿಂದಲೇ ನಡೆದಿತ್ತು. ಕೆನಡಾದ ಕ್ವಿಬೆಕ್‌ನ ಒಡನಾಕ್ ಅನ್ನುವ ಅಬೆನಾಕಿ ಊರಿನ ಕುಟುಂಬಗಳು ಬೇಸಿಗೆ ಬಂತೆಂದರೆ ಅಮೆರಿಕದ ಪ್ರವಾಸಿ ತಾಣಗಳಿಗೆ ಹೋಗಿ ಬುಟ್ಟಿ ಮಾರುತ್ತಿದ್ದವು. ಅಬೆನಾಕಿ ಭಾಷೆಯ ಪಾಠಪುಸ್ತಕವನ್ನು 1884ರಲ್ಲಿ ಅಚ್ಚು ಹಾಕಿಸಿದ ಮುಖಂಡ ಜೋಸೆಫ್ ಲಾರೆಂಟ್ ಅದೇ ವರ್ಷ ನ್ಯೂ ಹ್ಯಾಂಪ್‌ಶೈರ್‌ನ ಇಂಟರ್‌ವೇಲ್‌ನಲ್ಲಿ ಬೀಡುಬಿಟ್ಟು ಬುಟ್ಟಿ ವ್ಯಾಪಾರ ಶುರುಮಾಡಿದರು.

ನಮ್ಮ ಮೇದಾರರು ಬಿದಿರನ್ನು ಕತ್ತಿಯಿಂದ ಸೀಳುತ್ತಾರೆ. ಅಲ್ಲಿ ದಿಮ್ಮಿಯನ್ನು ಜಜ್ಜುತ್ತಾರೆ. ಜೌಗು ನೆಲದಲ್ಲಿ ನೆಟ್ಟಗೆ ಬೆಳೆದ, ಗಂಟಿಲ್ಲದ ಮರ ಬೇಕು. ಕಡಿದ ಮೇಲೆ ಒಣಗಲು ಬಿಡಬಾರದು. ತೊಗಟೆ ಸುಲಿದು, ಕೊಡಲಿಯ ಹಿಂಬದಿಯಿಂದ ದಿಮ್ಮಿಯ ಉದ್ದಕ್ಕೂ ಒಂದು ಅಂಗುಲವನ್ನೂ ಬಿಡದೆ ಹೊಡೆಯುತ್ತಾ ಹೋಗಬೇಕು. ವರ್ಷದುಂಗುರದಲ್ಲಿ ವಸಂತಕಾಲದ ಪದರ ದೊಡ್ಡ ರಂಧ್ರಗಳದ್ದು, ಪೆಟ್ಟು ಬಿದ್ದಾಗ ಪುಡಿಯಾಗುತ್ತದೆ. ಆಮೇಲೆ ಬೆಳೆದ ಗಟ್ಟಿ ಪದರ ಪಟ್ಟಿಯಾಗಿ ಎದ್ದು ಬರುತ್ತದೆ. ಪೆಟ್ಟು ತಪ್ಪಿದ ಜಾಗದಲ್ಲಿ ಪಟ್ಟಿ ಅಂಟಿಕೊಂಡು ಹರಿಯುತ್ತದೆ. ಒರಟು ಮೈಯನ್ನು ಹೆರೆಯಬೇಕು. ನಯವಾದ ಕೆಲಸಕ್ಕಾದರೆ ಪಟ್ಟಿಯನ್ನು ದಪ್ಪದಲ್ಲಿ ಎರಡಾಗಿ ಬಿಡಿಸಬೇಕು, ಒಳಮೈ ರೇಷ್ಮೆಯಂತೆ ಹೊಳೆಯುತ್ತದೆ. ತೀರಾ ಒದ್ದೆಯಿದ್ದಾಗ ಹೆಣೆದರೆ ಒಣಗಿದಾಗ ಪಟ್ಟಿ ಕುಗ್ಗಿ ಸಂದು ಬೀಳುತ್ತದೆ. ಅದಕ್ಕೇ ಅಂಚು ಕಟ್ಟುವ ಮೊದಲು ಒಣಗಲು ಬಿಟ್ಟು, ಸಾಲುಗಳನ್ನು ಕೆಳಕ್ಕೆ ಒತ್ತಿ ಬಿಗಿ ಮಾಡಬೇಕು.

ಈಗ ಈ ಮರಕ್ಕೇ ಕುತ್ತು ಬಂದಿದೆ. ಏಷ್ಯಾದಿಂದ ಬಂದ ಎಮರಾಲ್ಡ್ ಆ್ಯಶ್ ಬೋರರ್ ಅನ್ನುವ ಹಸಿರು ಜೀರುಂಡೆ 2002ರಲ್ಲಿ ಮಿಶಿಗನ್‌ನಲ್ಲಿ, 2008ರಲ್ಲಿ ಕ್ವಿಬೆಕ್‌ನಲ್ಲಿ, 2018ರಲ್ಲಿ ವರ್ಮಾಂಟ್‌ನಲ್ಲಿ ಪತ್ತೆಯಾಯಿತು. ಇದರ ಮರಿಹುಳು ತೊಗಟೆಯ ಕೆಳಗೆ ಅಂಕುಡೊಂಕಾಗಿ ಕೊರೆದು ಮರದ ಆಹಾರದ ದಾರಿಯನ್ನೇ ಕತ್ತರಿಸುತ್ತದೆ. ಕೆಲವೇ ವರ್ಷಗಳಲ್ಲಿ ಮರ ಸಾಯುತ್ತದೆ. ಒಣಗಿ ನಿಂತ ಮರ ಬುಟ್ಟಿಗೆ ಬಾರದು.

ಹೀಗಿರುವಾಗ ಹುಳು ಬರುವ ಮೊದಲೇ ಆ್ಯಶ್ ಮರಗಳನ್ನು ಕಡಿಯುವ ಇಲಾಖೆಗಳು ಒಳ್ಳೆಯ ದಿಮ್ಮಿಗಳನ್ನು ಆರಿಸಿಕೊಳ್ಳುವ ಹಕ್ಕನ್ನು ಮೊದಲು ಬುಟ್ಟಿ ಹೆಣೆಯುವವರಿಗೆ ಕೊಡಬೇಕು. ಅವನ್ನು ತಿಂಗಳುಗಟ್ಟಲೆ ನೀರಿನಲ್ಲಿ ಮುಳುಗಿಸಿಟ್ಟರೆ ಒಳಗಿನ ಹುಳುಗಳೂ ಸಾಯುತ್ತವೆ, ಮರವೂ ಹಸಿಯಾಗಿರುತ್ತದೆ. ಬೀಜ ಸಂಗ್ರಹವೂ ಈಗಲೇ ಆಗಬೇಕು, ಯಾಕೆಂದರೆ ಈ ಮರ ಪ್ರತಿ ವರ್ಷ ಚೆನ್ನಾಗಿ ಬೀಜ ಬಿಡುವುದಿಲ್ಲ. ಬಿತ್ತಿದ ಬೀಜ ಒಂದು ಬೇಸಿಗೆ, ಒಂದು ಚಳಿಗಾಲ ಮಣ್ಣಿನಲ್ಲಿದ್ದ ಮೇಲೆಯೇ ಸಾಮಾನ್ಯವಾಗಿ ಮೊಳೆಯುವುದು. ಮೊದಲ ವರ್ಷ ಏನೂ ಕಾಣಲಿಲ್ಲವೆಂದು ಪಾತಿ ಅಗೆದು ಹಾಕಬಾರದು.