ಹಾಸಿಗಿ ಒದ್ದಿ ಮಾಡೋ ಹುಡುಗ್ರ ಔಷಧ

"ಸಿಸ್ಟರ್, ಇದು ರಾತ್ರಿ ಹಾಸಿಗಿ ಒದ್ದಿ ಮಾಡೋ ಹುಡುಗ್ರ ಔಷಧ ಅಂತಲ್ಲ? ನಮ್ಮ ಹುಡುಗನ ಹಲ್ಲಿಗ್ಯಾಕ?"

ಮೊಮ್ಮಗ ತೋರಿಸಿದ ಮೊಬೈಲನ್ನು ನನ್ನ ಮುಖಕ್ಕೆ ಹಿಡಿದು ಕೇಳಿದ್ದು ವಿಜಯಪುರ ಕಡೆಯ ಅಜ್ಜಿ. ಮುಂಬೈ, ಪರೇಲಿನ ಒಂದು ಆಸ್ಪತ್ರೆ. ಹುಡುಗನಿಗೆ ಹಿಮೋಫಿಲಿಯಾ ಎ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಹುಟ್ಟುಕಾಯಿಲೆ, ಅಷ್ಟೇನೂ ತೀವ್ರವಲ್ಲದ್ದು. ದವಡೆ ಹಲ್ಲು ಕೀಳಬೇಕಿತ್ತು. ನನ್ನ ಕೈಯಲ್ಲಿ ಡೆಸ್ಮೋಪ್ರೆಸಿನ್.

"ಅಜ್ಜಿ, ಅದೂ ಖರೆ, ಇದೂ ಖರೆ" ಅಂದೆ.

ಮೂತ್ರವನ್ನು ಹಿಡಿತದಲ್ಲಿಡುವ ವಾಸೊಪ್ರೆಸಿನ್ ಹಾರ್ಮೋನನ್ನು ಸ್ವಲ್ಪ ತಿದ್ದಿ ಮಾಡಿದ ಔಷಧವಿದು. ಮೂತ್ರಪಿಂಡಕ್ಕೆ ಹೋದರೆ ನೀರು ಉಳಿಸುತ್ತದೆ. ರಕ್ತನಾಳದ ಒಳಪದರಕ್ಕೆ ಹೋದರೆ, ಅಲ್ಲಿ ಕೂಡಿಟ್ಟ ಹೆಪ್ಪುಗಟ್ಟಿಸುವ ಅಂಶಗಳನ್ನು ಹೊರಗೆ ಬಿಡಿಸುತ್ತದೆ. ಹಿಮೋಫಿಲಿಯಾ ರೋಗಿಗಳ ಹಲ್ಲು ಕೀಳುವಾಗ ಇದು ಕೆಲಸಕ್ಕೆ ಬರುತ್ತದೆ ಎಂದು ಇಟಲಿಯ ಮನ್ನುಚ್ಚಿ ತಂಡ 1977ರಲ್ಲೇ ತೋರಿಸಿತ್ತು. ಬೇರೊಂದು ಅಂಶದ ಕೊರತೆಯಾದ ಹಿಮೋಫಿಲಿಯಾ ಬಿಗೆ ಮಾತ್ರ ಉಪಯೋಗವಿಲ್ಲ.

ನರ್ಸಿಂಗ್ ಓದುವಾಗ ನಾವು ಒಂದು ಔಷಧಕ್ಕೆ ಒಂದು ಸಾಲು ಉರುಹೊಡೆದವರು. ನನ್ನ ತಕರಾರು ಅಲ್ಲೇ. ವಾಸೊಪ್ರೆಸಿನ್ ಬಿಡುಗಡೆ ಮಾಡುವ, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಗಡ್ಡೆಗೆ ಆಪರೇಷನ್ ಆದವರು ಕೆಲವೊಮ್ಮೆ ದಿನಕ್ಕೆ ಏಳೆಂಟು ಲೀಟರ್ ಮೂತ್ರ ಮಾಡುತ್ತಾರೆ. ಅವರಿಗೆ ಇದೇ ಔಷಧ 1ರಿಂದ 4 ಮೈಕ್ರೋಗ್ರಾಂ ಸಾಕು. ರಕ್ತಸ್ರಾವಕ್ಕಾದರೆ ತೂಕದ ಕಿಲೋಗೆ 0.3 ಮೈಕ್ರೋಗ್ರಾಂ, ಸಲೈನಿನಲ್ಲಿ ಬೆರೆಸಿ ನಿಧಾನವಾಗಿ. ಮೂಗಿನ ಸ್ಪ್ರೇಯಲ್ಲಂತೂ ಒಂದು ಬಗೆಯದರಲ್ಲಿ ಸಲಕ್ಕೆ 10, ಇನ್ನೊಂದರಲ್ಲಿ 150 ಮೈಕ್ರೋಗ್ರಾಂ! ಯಾವುದಕ್ಕೆ ಕೊಡುತ್ತಿದ್ದೇವೆ ಎಂದು ಗೊತ್ತಿಲ್ಲದ ಸಿಸ್ಟರ್‌ಗೆ ಡೋಸ್ ತಪ್ಪಿದ್ದೂ ಗೊತ್ತಾಗುವುದಿಲ್ಲ.

ಆ ಅತಿಮೂತ್ರದ ಕಾಯಿಲೆಗೆ 'ಡಯಾಬಿಟಿಸ್ ಇನ್ಸಿಪಿಡಸ್' ಎಂಬ ಹೆಸರಿತ್ತು. ಸಕ್ಕರೆಗೂ ಅದಕ್ಕೂ ಸಂಬಂಧವೇ ಇಲ್ಲ. ಆದರೂ ಹೆಸರು ನೋಡಿ ಸಕ್ಕರೆ ಕಾಯಿಲೆ ಅಂದುಕೊಂಡು ಈ ಔಷಧ ಕೊಡದೆ ಬಿಟ್ಟು, ಜೀವ ಹೋದ ಉದಾಹರಣೆಗಳಿವೆ. 2022ರಲ್ಲಿ ತಜ್ಞರು ಹೆಸರನ್ನೇ ಬದಲಿಸಲು ಹೊರಟಿದ್ದು ಬಹುಪಾಲು ಇದಕ್ಕೇ.

ನಾನೇನು ಸಾಚಾ ಅಲ್ಲ. ಹೊಸದರಲ್ಲಿ ಇದೇ ಡ್ರಿಪ್ ಹಾಕಿಸಿಕೊಂಡಿದ್ದ ಒಬ್ಬರಿಗೆ, ಬಾಯಿ ಒಣಗಿದೆ ಅಂದರು ಅಂತ, ಜಗ್ ತುಂಬ ನೀರು ಇಟ್ಟುಬಂದಿದ್ದೆ. ಸೀನಿಯರ್ ಸಿಸ್ಟರ್ ಓಡಿಹೋಗಿ ಎತ್ತಿದರು. ನೀರು ಹೊರಗೆ ಹೋಗದ ಹೊತ್ತಿನಲ್ಲಿ ಕುಡಿಸಿದರೆ ರಕ್ತದ ಸೋಡಿಯಂ ಇಳಿದು ಫಿಟ್ಸ್ ಬರಬಹುದು. ಮಕ್ಕಳಿಗೆ ಇನ್ನೂ ಬೇಗ. ಆವತ್ತು ಬೈದದ್ದು ಮರಾಠಿಯಲ್ಲಿ, ಅರ್ಥವಾದದ್ದು ಪೂರ್ತಿ.

ಡಾಕ್ಟರುಗಳೇ, ಔಷಧದ ಪಕ್ಕದಲ್ಲಿ 'ಯಾಕೆ' ಅನ್ನುವ ಒಂದು ಪದ ಬರೆಯಿರಿ. ಬರೆಯದಿದ್ದರೆ ಸಿಸ್ಟರುಗಳೇ, ಕೇಳಿ. ಅಜ್ಜಿ ಕೇಳಲಿಲ್ಲವೇ?

ಮರುದಿನ ಬೆಳಿಗ್ಗೆ ರೌಂಡಿಗೆ ಹೋದರೆ ನೀರಿನ ಬಾಟಲಿ ಅಜ್ಜಿಯ ಸೆರಗಿನೊಳಗಿತ್ತು. ಮುಚ್ಚಳದಲ್ಲಿ ಅಳೆದು ಹುಡುಗನಿಗೆ ಕೊಡುತ್ತಿದ್ದರು. "ಆರನೇದು" ಅಂದರು, ನನ್ನ ಕಡೆ ನೋಡದೆ.