ಸರಾಯೆವೊದಲ್ಲಿ ಸಿಡಿದದ್ದು ಆ ಪಿಸ್ತೂಲ್ ಅಲ್ಲ

‘ಮೊದಲ ಮಹಾಯುದ್ಧ ಶುರು ಮಾಡಿದ ಪಿಸ್ತೂಲ್ ಇದೇ’ ಅಂತ ‘ಬ್ರೌನಿಂಗ್ 1900’ ಎಂಬ ಮಾದರಿಯ ಪಿಸ್ತೂಲಿನ ಫೋಟೊ ಮತ್ತೆ ಮತ್ತೆ ಫಾರ್ವರ್ಡ್ ಆಗಿ ಬರುತ್ತಿದೆ. ಫೋಟೊ ಸರಿ, ಕಥೆ ತಪ್ಪು. 1914ರ ಜೂನ್ 28ರಂದು ಬೋಸ್ನಿಯಾದ ಸರಾಯೆವೊದಲ್ಲಿ ಸರ್ಬ್ ಯುವಕ ಗಾವ್ರಿಲೊ ಪ್ರಿನ್ಸಿಪ್ ಆಸ್ಟ್ರಿಯಾದ ಯುವರಾಜ ಫ್ರಾಂಜ್ ಫರ್ಡಿನಾಂಡ್ ಮೇಲೆ ಗುಂಡು ಹಾರಿಸಿದ್ದು ಬ್ರೌನಿಂಗ್‌ನ 1910ರ ಮಾದರಿಯಿಂದ. ಅದರ ನಂಬರ್ 19074. ಈಗ ವಿಯೆನ್ನಾದ ಸೇನಾ ಇತಿಹಾಸ ಮ್ಯೂಸಿಯಂನಲ್ಲಿದೆ.

ಗೊಂದಲ ಆಗೋದು ಸಹಜ. ಎರಡನ್ನೂ ರೂಪಿಸಿದ್ದು ಅಮೆರಿಕದ ಜಾನ್ ಬ್ರೌನಿಂಗ್, ತಯಾರಿಸಿದ್ದು ಬೆಲ್ಜಿಯಂನ ಎಫ್‌ಎನ್ ಕಂಪನಿ. ಆದರೆ ಮೂತಿ ನೋಡಿದರೆ ಸಾಕು, ಗೊತ್ತಾಗುತ್ತೆ. 1900ರದ್ದರಲ್ಲಿ ಸ್ಪ್ರಿಂಗ್ ನಳಿಗೆಯ ಮೇಲೆ ಕೂತಿರುತ್ತದೆ, ಹಾಗಾಗಿ ಮುಂದಿನಿಂದ ಒಂದರ ಮೇಲೊಂದು ಎರಡು ಕೊಳವೆ ಇಟ್ಟ ಹಾಗೆ, ಸ್ವಲ್ಪ ಒಡ್ಡೊಡ್ಡಾಗಿ ಕಾಣುತ್ತದೆ. 1910ರದ್ದರಲ್ಲಿ ಸ್ಪ್ರಿಂಗ್ ನಳಿಗೆಯ ಸುತ್ತಲೇ ಇದೆ, ಮೂತಿಯಲ್ಲಿ ಗೀರುಗೀರಿನ ಉಂಗುರ. ಜೇಬಿನಿಂದ ತೆಗೆಯುವಾಗ ಬಟ್ಟೆಗೆ ಸಿಕ್ಕಿಕೊಳ್ಳದಷ್ಟು ನುಣುಪು.

ಹಾಗಂತ 1900ರದ್ದು ಸುಮ್ನೆ ಬಂದು ಹೋದ ಪಿಸ್ತೂಲೇನೂ ಅಲ್ಲ. ಗುಂಡು ಹಾರಿದಾಗ ಮೇಲ್ಭಾಗವೇ ಹಿಂದೆ ಸರಿದು, ಖಾಲಿ ತೋಟಾ ಎಸೆದು, ಮುಂದೆ ಬರುವಾಗ ಹೊಸದನ್ನು ತುಂಬಿಕೊಳ್ಳುವ ‘ಸ್ಲೈಡ್’ ಅಂತ ಇರುತ್ತದಲ್ಲ, ಅದನ್ನು ಇಟ್ಟುಕೊಂಡು ದೊಡ್ಡ ಪ್ರಮಾಣದಲ್ಲಿ ಮಾರಾಟಕ್ಕೆ ಬಂದ ಮೊದಲ ಪಿಸ್ತೂಲ್ ಅದು. 7.65 ಮಿ.ಮೀ. ಗುಂಡು, ಮ್ಯಾಗಜಿನ್‌ನಲ್ಲಿ ಏಳು. ಎಷ್ಟು ಜಾಸ್ತಿ ಹಬ್ಬಿತೆಂದರೆ ಫ್ರೆಂಚ್, ರಷ್ಯನ್ ಮಾತಿನಲ್ಲಿ ‘ಬ್ರೌನಿಂಗ್’ ಅಂದರೇನೇ ಪಿಸ್ತೂಲ್ ಎಂಬಂತಾಯಿತು. ಫಾರ್ವರ್ಡ್ ಮಾಡುವವರಿಗೆ ಯುವರಾಜನೇ ಬೇಕೆಂದೇನಿಲ್ಲ: 1909ರಲ್ಲಿ ಚೀನಾದ ಹಾರ್ಬಿನ್ ರೈಲು ನಿಲ್ದಾಣದಲ್ಲಿ ಜಪಾನಿನ ಮಾಜಿ ಪ್ರಧಾನಿ ಇಟೊ ಹಿರೊಬುಮಿಯನ್ನು ಕೊರಿಯಾದ ಸ್ವಾತಂತ್ರ್ಯ ಹೋರಾಟಗಾರ ಆನ್ ಜುಂಗ್-ಗೆನ್ ಕೊಂದದ್ದು ಈ 1900ರ ಮಾದರಿಯಿಂದಲೇ.