ಕಲ್ಲಿನ ಮನೆಗೆ ಫೋಮ್ ಯಾಕ್ರಿ? ಮೊದಲು ಕಿಡಕಿ ನೋಡ್ರಿ

ಕಲಬುರಗಿಯ ಶಹಾಬಜಾರ್, ಬ್ರಹ್ಮಪುರ ಕಡೆ ಹಳೆ ಮನೆ ಇರುವವರು ರಸ್ತೆ ಗದ್ದಲಕ್ಕೆ ಬೇಸತ್ತರೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ. ಗೋಡೆಗೆ ಫೋಮ್ ಅಂಟಿಸುತ್ತಾರೆ, ಇಲ್ಲವೇ ಸಾಗವಾನಿ ಕಿಡಕಿ ಕಿತ್ತು ಜಾರುವ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಕಿಡಕಿ ಕೂರಿಸುತ್ತಾರೆ. ನನ್ನ ಪ್ರಕಾರ ಎರಡೂ ದಂಡ. "ಫೋಮ್ ಹಚ್ಚಿದ್ರ ಮುಗೀತ್ರಿ, ಹೊರಗಿಂದು ಏನೂ ಕೇಳಂಗಿಲ್ಲ" ಅನ್ನುವ ಅಂಗಡಿಯವರ ಮಾತು ನಂಬಬೇಡಿ. ಫೋಮ್ ಕೋಣೆಯೊಳಗಿನ ಪ್ರತಿಧ್ವನಿ ತಗ್ಗಿಸುತ್ತದೆ, ಹೊರಗಿನ ಸದ್ದು ತಡೆಯುವುದಿಲ್ಲ. ಥರ್ಮೋಕೋಲ್, ಮೊಟ್ಟೆ ಟ್ರೇಗಳೂ ಹೊರಗಿನ ಸದ್ದು ತಡೆಯುವುದಿಲ್ಲ.

ಸದ್ದು ತಡೆಯುವುದು ತೂಕ. 18 ಇಂಚಿನ ಕಲ್ಲಿನ ಗೋಡೆ ಚದರ ಮೀಟರಿಗೆ ಸುಮಾರು ಸಾವಿರ ಕಿಲೋ ತೂಗುತ್ತದೆ. 4 ಮಿ.ಮೀ ಗಾಜಿನ ತೂಕ ಬರೀ 10 ಕಿಲೋ. ಅಂಥ ಗೋಡೆಗೆ ನಾವು ಸೇರಿಸಬೇಕಾದದ್ದು ಏನೂ ಇಲ್ಲ. ಸದ್ದು ಬರುವುದು ಕಿಡಕಿ, ಬಾಗಿಲು, ಬೆಳಕಿಂಡಿ, ಕೂಲರ್ ಕೂರಿಸಿದ ಕಿಂಡಿಗಳಿಂದ.

ಅದರಲ್ಲೂ ಮೊದಲ ಕಳ್ಳ ಗಾಜಲ್ಲ, ಸಂದು. 3 ಅಡಿ ಅಗಲ, 4 ಅಡಿ ಎತ್ತರದ ಕಿಡಕಿಯ ಸುತ್ತಳತೆ 14 ಅಡಿ. ಸುತ್ತಲೂ ಎರಡೂವರೆ ಮಿ.ಮೀ ಸಂದಿದ್ದರೆ ಅದೆಲ್ಲ ಕೂಡಿ ಕಿಡಕಿಯ ವಿಸ್ತೀರ್ಣದ ಶೇ. 1ರಷ್ಟಾಗುತ್ತದೆ. ಶೇ. 1 ತೆರೆದಿದ್ದರೆ ಗಾಜು ಎಷ್ಟೇ ದಪ್ಪ ಇರಲಿ, ಒಟ್ಟು ತಡೆ 20 ಡೆಸಿಬಲ್ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಎರಡು ಕದದ ಹಳೆ ಕಿಡಕಿಯಲ್ಲಿ ನಡುವಿನ ಸಂದು ಬೇರೆ. ಹಾಗಾಗಿ ದುಬಾರಿ ಗಾಜು ತರುವ ಮೊದಲು ಸಂದು ಹುಡುಕಿ. ರಾತ್ರಿ ಒಳಗಿನ ದೀಪ ಆರಿಸಿ, ಹೊರಗಿನಿಂದ ಒಬ್ಬರು ಚೌಕಟ್ಟಿನ ಗುಂಟ ಟಾರ್ಚ್ ಆಡಿಸಲಿ. ಬೆಳಕು ಎಲ್ಲಿ ನುಸುಳುತ್ತದೋ ಸದ್ದೂ ಅಲ್ಲೇ ನುಸುಳುತ್ತದೆ. ಓರೆಯಾದ ಸಂದಿಗೆ ಊದುಬತ್ತಿ ಹಿಡಿದರೆ ಹೊಗೆ ತೋರಿಸಿಕೊಡುತ್ತದೆ.

ಕದ ಮತ್ತು ಚೌಕಟ್ಟಿನ ನಡುವೆ ಇಪಿಡಿಎಂ (ಬಿಸಿಲು ಮಳೆ ತಾಳುವ) ರಬ್ಬರ್ ಪಟ್ಟಿ ಹಾಕಿಸಿ. ಪಟ್ಟಿಯ ದಪ್ಪ ಸಂದಿಗಿಂತ ಒಂದೂವರೆ ಪಟ್ಟು ಇದ್ದರೆ ಸಾಕು. ಇನ್ನೂ ದಪ್ಪದ್ದು ತಂದರೆ ಕದ ಮುಚ್ಚುವುದಿಲ್ಲ, ಬಲವಂತ ಮಾಡಿದರೆ ಬಿಜಾಗರಿ ಸಡಿಲಾಗುತ್ತದೆ. ಬರೀ ಅಂಟಿನ ಪಟ್ಟಿ ಹಳೆ ಆಯಿಲ್ ಪೇಂಟ್ ಮೇಲೆ, ನಮ್ಮ 42 ಡಿಗ್ರಿ ಬಿಸಿಲಿಗೆ ಒಂದು ಬೇಸಿಗೆ ದಾಟುವುದು ಕಷ್ಟ. ಬಡಿಗರಿಗೆ ಹೇಳಿ ಸಣ್ಣ ತೋಡು ಕೊರೆಸಿ, ಅದರೊಳಗೆ ಸಿಕ್ಕಿಸುವ ಪಟ್ಟಿ ಹಾಕಿಸುವುದೇ ಮೇಲು. ಚಿಲಕ ಹಾಕಿದಾಗ ಕದ ರಬ್ಬರನ್ನು ಒತ್ತಬೇಕು. ಒತ್ತದಿದ್ದರೆ ಪಟ್ಟಿ ಹಾಕಿಯೂ ಹಾಕದಂತೆ. ಚಿಲಕದ ಕೊಂಡಿಯನ್ನು ಕೂದಲೆಳೆಯಷ್ಟು ಒಳಸರಿಸಿದರೆ ಕೆಲಸ ಆಗುತ್ತದೆ.

ಚೌಕಟ್ಟು ಮತ್ತು ಕಲ್ಲಿನ ನಡುವೆ ಸುಣ್ಣದ ಗಾರೆ ಉದುರಿದ ಜಾಗ ಇದ್ದೇ ಇರುತ್ತದೆ. ಅಲ್ಲಿ ಸ್ಪ್ರೇ ಫೋಮ್ ಹೊಡೆದು ಬಿಟ್ಟರೆ ಸಾಲದು, ಅದು ತೀರಾ ಹಗುರ. ಧೂಳು ಕೆದರಿ ತೆಗೆದು, ನೀರು ಚಿಮುಕಿಸಿ, ಗೌಂಡಿಯಿಂದ ಸುಣ್ಣದ ಗಾರೆಯನ್ನೇ ಆಳಕ್ಕೆ ತುಂಬಿಸಿ. ಬರೀ ಸಿಮೆಂಟ್ ಬೇಡ. ಸುಣ್ಣದಲ್ಲಿ ಕಟ್ಟಿದ ಗೋಡೆಯ ತೇವವನ್ನು ಅದು ಒಳಗೇ ಹಿಡಿದಿಡುತ್ತದೆ. ಮರ ಮತ್ತು ಗಾರೆ ಸೇರುವ ಗೆರೆಗೆ ಗಟ್ಟಿಯಾಗದೆ ಮೆತ್ತಗಿರುವ ಅಕ್ರಿಲಿಕ್ ಸೀಲಂಟ್ ಎಳೆಯಿರಿ.

ಇಷ್ಟಾದ ಮೇಲೂ ಸದ್ದು ಸಾಕಷ್ಟು ತಗ್ಗದಿದ್ದರೆ ಎರಡನೇ ಕಿಡಕಿ. ಇಲ್ಲಿ ಹಳೆ ಮನೆಯವರಿಗೆ ಹೊಸ ಅಪಾರ್ಟ್‌ಮೆಂಟಿನವರಿಗಿಲ್ಲದ ಅನುಕೂಲ ಇದೆ. ದಪ್ಪ ಗೋಡೆಯಲ್ಲಿ ಹೊರಗಿನ ಸಾಗವಾನಿ ಕಿಡಕಿ ಇದ್ದಲ್ಲೇ ಇರಲಿ, ಒಳಮೈಗೆ ಬೇರೆ ಚೌಕಟ್ಟು ಕೂರಿಸಿ. ನಡುವೆ ಕನಿಷ್ಠ 100 ಮಿ.ಮೀ ಖಾಲಿ ಬಿಡಿ, 150 ಸಿಕ್ಕರೆ ಇನ್ನೂ ಒಳ್ಳೆಯದು. ಅಂಗಡಿಯಲ್ಲಿ ಸಿಗುವ ಜೋಡಿ ಗಾಜಿನಲ್ಲಿ ಈ ಅಂತರ ಬಹುತೇಕ 12 ಮಿ.ಮೀ ಮಾತ್ರ. ಆಗ ಎರಡೂ ಗಾಜು ಕೂಡಿ 200ರಿಂದ 250 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಸಲ) ಹತ್ತಿರ ಒಟ್ಟಿಗೆ ಕಂಪಿಸುತ್ತವೆ, ಲಾರಿ ಎಂಜಿನ್ನಿನ ಗುರುಗುಟ್ಟುವಿಕೆ ಒಳಗೆ ಬರುತ್ತದೆ. 100 ಮಿ.ಮೀ ಅಂತರವಿದ್ದರೆ ಆ ಕಂಪನ 80 ಹರ್ಟ್ಜ್‌ಗಿಂತ ಕೆಳಗಿಳಿಯುತ್ತದೆ.

ಹೊರಗಿನದು 4 ಮಿ.ಮೀ ಗಾಜಾದರೆ ಒಳಗೆ 6 ಮಿ.ಮೀ ಹಾಕಿಸಿ. ಎರಡೂ ಒಂದೇ ದಪ್ಪ ಇದ್ದರೆ ಒಂದರ ದೌರ್ಬಲ್ಯವೇ ಇನ್ನೊಂದರದ್ದೂ ಆಗುತ್ತದೆ. ಕೈ ಸ್ವಲ್ಪ ಬಿಗಿ ಇಲ್ಲದಿದ್ದರೆ ನಡುವೆ ಪದರವಿರುವ 6.38 ಮಿ.ಮೀ ಲ್ಯಾಮಿನೇಟೆಡ್ ಗಾಜು ಕೇಳಿ. ಖಾಲಿ ಜಾಗದ ನಾಲ್ಕೂ ಪಕ್ಕಕ್ಕೆ 25 ಮಿ.ಮೀ ಗ್ಲಾಸ್‌ವೂಲ್ (ಗಾಜಿನ ಎಳೆಗಳ ಹತ್ತಿಯಂಥ ಹಾಸು) ಇಟ್ಟು ಬಟ್ಟೆ ಹೊದಿಸಿ, ಅದರ ಮೇಲೆ ತೂತಿನ ಹಲಗೆ ಬಡಿಯಿರಿ. ಒಳಗಿನ ಚೌಕಟ್ಟು ಹೊರಗಿನದಕ್ಕೆ ಎಲ್ಲೂ ತಾಗಬಾರದು, ತಾಗಿದರೆ ಕಂಪನ ಮರದ ಮೂಲಕ ದಾಟುತ್ತದೆ. ಒಳಗಿನ ಕಿಡಕಿ ಕದ ತೆರೆಯುವಂಥದ್ದೇ ಇರಲಿ, ಜಾರುವುದು ಬೇಡ. ಜಾರುವ ಕಿಡಕಿಗೆ ಇರುವುದು ಬ್ರಷ್ ಪಟ್ಟಿ, ಅದು ಧೂಳು ತಡೆದೀತು, ಸದ್ದನ್ನಲ್ಲ. ತೆರೆಯುವಂತಿರಲೇಬೇಕು, ನಮ್ಮೂರ ಧೂಳು ಎರಡು ಗಾಜಿನ ನಡುವೆಯೂ ಸೇರುತ್ತದೆ.

ಬಾಗಿಲಿಗೆ ಅಷ್ಟೊಂದು ತಲೆ ಕೆಡಿಸಿಕೊಳ್ಳಬೇಡಿ. ಸಾಗವಾನಿ ಹಲಗೆ ಗಟ್ಟಿಯೇ ಇರುತ್ತದೆ. ಹೊಸ್ತಿಲ ಮೇಲಿನ ಸಂದು ಮುಚ್ಚಿ, ಅಷ್ಟೇ.

ನಿಜವಾದ ತಲೆನೋವು ಕೂಲರ್. ಅದು ಕೆಲಸ ಮಾಡುವುದೇ ಹೊರಗಿನ ಗಾಳಿ ಎಳೆದು ಒಳಗೆ ದೂಡಿ, ಆ ಗಾಳಿ ಮತ್ತೊಂದು ಕಡೆಯಿಂದ ಹೊರಗೆ ಹೋದಾಗ. ಅಂದರೆ ರಸ್ತೆ ಬದಿಯ ಕಿಡಕಿಯಲ್ಲಿ ಕೂಲರ್ ಇಟ್ಟರೆ ಬೇಸಿಗೆಯಿಡೀ ರಸ್ತೆಯನ್ನು ಮನೆಯೊಳಗೆ ಕರೆದಂತೆ. ಅದನ್ನು ಹಿತ್ತಲ ಕಡೆಗೆ ಒಯ್ಯಿರಿ, ಗಾಳಿ ಹೊರಹೋಗುವ ದಾರಿಯೂ ಅತ್ತಲೇ ಇರಲಿ. ಆಗದಿದ್ದರೆ ಮಲಗುವ ಒಂದು ಕೋಣೆಗೆ ಮಾತ್ರ ಎ.ಸಿ ಹಾಕಿ, ಗದ್ದಲ ತಡೆಯುವ ಕೆಲಸವನ್ನೂ ಆ ಒಂದು ಕೋಣೆಗೇ ಮಾಡಿಸಿ. ಇಡೀ ಮನೆ ಮುಚ್ಚಲು ಹೊರಟರೆ ದುಡ್ಡೂ ಸಾಲದು, ಉಸಿರೂ ಕಟ್ಟುತ್ತದೆ.

ಬೆಳಕಿಂಡಿಯನ್ನು ಇಟ್ಟಿಗೆಯಿಂದ ಮುಚ್ಚುವ ಬದಲು ಒಳಗಡೆ 18 ಮಿ.ಮೀ ಪ್ಲೈವುಡ್‌ನ ಮೂರಡಿ ಪೆಟ್ಟಿಗೆ ಮಾಡಿಸಿ. ಗಾಳಿ ಬರುವ ಬಾಯಿ ಒಂದು ತುದಿಗೆ, ಹೋಗುವ ಬಾಯಿ ಇನ್ನೊಂದು ತುದಿಗೆ, ನಡುವೆ ಅಡ್ಡ ಹಲಗೆ, ಒಳಮೈಗೆಲ್ಲ ಬಟ್ಟೆ ಹೊದಿಸಿದ ಗ್ಲಾಸ್‌ವೂಲ್. ಗಾಳಿ ತಿರುಗಿ ಬರುತ್ತದೆ, ಸದ್ದು ತಿರುವಿನಲ್ಲಿ ಸೋಲುತ್ತದೆ. ಅಡುಗೆಮನೆ ಮತ್ತು ಗ್ಯಾಸ್ ಗೀಸರ್ ಇರುವ ಬಚ್ಚಲಿನ ಕಿಂಡಿ ಮಾತ್ರ ಮುಟ್ಟಲೇಬೇಡಿ. ಅಲ್ಲಿ ಗಾಳಿ ಕಟ್ಟಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿ ಜೀವ ಹೋಗುತ್ತದೆ.

ಇಷ್ಟೆಲ್ಲ ಮಾಡಿದರೂ ಮೆರವಣಿಗೆಯ ಡಿಜೆ ಎದೆಗೆ ಗುದ್ದುವುದು ನಿಲ್ಲುವುದಿಲ್ಲ. 60–80 ಹರ್ಟ್ಜ್‌ನ ಆ ಸದ್ದಿಗೆ ಗಾಜಿನ ಕೆಲಸ ಔಷಧವಲ್ಲ, ಕಾನೂನು ಔಷಧ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಸಾಮಾನ್ಯವಾಗಿ ಧ್ವನಿವರ್ಧಕ ಹಚ್ಚುವಂತಿಲ್ಲ. 112ಕ್ಕೆ ಫೋನ್ ಮಾಡಿ.

ಕೆಲಸ ಶುರುಮಾಡುವ ಮುಂಚೆ ಫೋನಿನ ಡೆಸಿಬಲ್ ಆ್ಯಪ್‌ನಲ್ಲಿ ಕೋಣೆಯ ಸದ್ದು ಅಳೆದು ಬರೆದಿಡಿ. ಅಂಕಿ ಕರಾರುವಾಕ್ಕಲ್ಲ, ಆದರೆ ಅದೇ ಫೋನ್, ಅದೇ ಜಾಗ, ಅದೇ ಹೊತ್ತಿನಲ್ಲಿ ಮತ್ತೆ ಅಳೆದರೆ ವ್ಯತ್ಯಾಸ ಗೊತ್ತಾಗುತ್ತದೆ. 10 ಡೆಸಿಬಲ್ ಇಳಿದರೆ ಕಿವಿಗೆ ಗದ್ದಲ ಅರ್ಧಕ್ಕಿಳಿದಂತೆ ಕೇಳುತ್ತದೆ. ಸಂದು ಮುಚ್ಚಿದ ಮೇಲೆ ಒಮ್ಮೆ ಅಳೆಯಿರಿ, ಅಷ್ಟೇ ಸಾಕೆನಿಸಿದರೆ ಎರಡನೇ ಕಿಡಕಿಯ ಖರ್ಚು ಉಳಿಯಿತು.